ಹನ್ನೆರಡನೆಯ ರುಮಾಲು

ಮಾಳಪ್ಪ ಎಡಗಾಲಿನ ಹಿಮ್ಮಡಿಯಿಂದ ಎರಡು ಸಲ ಒತ್ತುತ್ತಿದ್ದ. ಮೂರನೆಯ ಸಲ ಒತ್ತಿದ್ದನ್ನು ನಾನು ಕಂಡಿಲ್ಲ. ಕೆಳಗಿನಿಂದ ಹಾರಿ ಬಂದ ಕಣಿಕೆಯ ಸೂಡನ್ನು, ಜೋಳದ ಒಣದಂಟಿನ ಕಟ್ಟನ್ನು, ಗಾಳಿಯಲ್ಲೇ ಹಿಡಿದು, ಬುಡ ಹೊರಗೆ ತುದಿ ಒಳಗೆ ಬರುವಂತೆ ಮಲಗಿಸಿ, ಹಿಮ್ಮಡಿಯಿಂದ ಎರಡು ಸಲ ಒತ್ತಿ, ಅದರತ್ತ ಮತ್ತೆ ನೋಡದೆ ಮುಂದಿನದಕ್ಕೆ ಕೈ ಚಾಚುತ್ತಿದ್ದ. ನಾನು ಮಾಳಿಗೆಯ ಅಂಚಿನಲ್ಲಿ ಮಂಡಿಗೆ ಗದ್ದ ಹಚ್ಚಿ ಕೂತು ಎಣಿಸುತ್ತಿದ್ದೆ. ಬಣವೆ ಏರುತ್ತ ಏರುತ್ತ ಮಾಳಿಗೆಯ ಮಟ್ಟಕ್ಕೆ ಬಂದಾಗ ಅವನ ಕಣ್ಣು ನನ್ನ ಕಣ್ಣಿಗೆ ಸಮನಾಗುತ್ತಿತ್ತು. ಆಗ ಪ್ರತಿ ವರ್ಷ ಅದೇ ಮಾತು ಕೇಳುತ್ತಿದ್ದ.

“ಏನವ್ವಾ ಮಾಸ್ತರಬಾಯಿ, ಈ ವರ್ಸರ ಮಾತಾಡ್ತೀ ಏನು?”

ನಾನು ಮಾತಾಡುತ್ತಿರಲಿಲ್ಲ. ಮಾಳಪ್ಪ ನಕ್ಕು ಇನ್ನೂ ಮೇಲೆ ಹೋಗುತ್ತಿದ್ದ.

ನಮ್ಮ ಮನೆ ಮಂದ್ರೂಪದಿಂದ ಮುಂದೆ, ಕಬ್ಬು ಮುಗಿದು ಜೋಳದ ಕರಿನೆಲ ಶುರುವಾಗುವ ಕಡೆ ಇತ್ತು. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ. ಬಾಗಿಲು ದಾಟಿದರೆ ಮೊದಲು ದನಗಳು, ಆಮೇಲೆ ಮನುಷ್ಯರು: ಎಡಕ್ಕೆ ಎರಡು ಎತ್ತು, ಒಂದು ಆಕಳು, ಒಂದು ಎಮ್ಮೆ, ಮೂರು ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರ ಹಿಂದೆ ಅಡುಗೆಮನೆ. ಅಲ್ಲಿ ಮಾಳಿಗೆಯ ಬೆಳಕಿಂಡಿಯಿಂದ ಬಿದ್ದ ಬಿಸಿಲಿನ ಚೌಕ ಒಲೆಯಿಂದ ನೀರಿನ ಹಂಡೆಯ ತನಕ ಸರಿಯುವಷ್ಟರಲ್ಲಿ ಆಯಿಯ ರೊಟ್ಟಿ ಮುಗಿದಿರುತ್ತಿದ್ದವು. ಆಯಿ ಎಂದರೆ ನಮ್ಮ ಕಡೆ ಅಜ್ಜಿ, ಮುತ್ಯಾ ಎಂದರೆ ಅಜ್ಜ. ಅಪ್ಪನಿಗೆ ಅಕ್ಕಲಕೋಟೆಯಲ್ಲಿ ಕೆಲಸ. ತಮ್ಮ ಹುಟ್ಟಿದಾಗ ಸ್ವಲ್ಪ ದಿನಕ್ಕೆಂದು ನನ್ನನ್ನು ಇವರ ಹತ್ತಿರ ಬಿಟ್ಟಿದ್ದರು. ಆ ಸ್ವಲ್ಪ ದಿನ ಏಳು ವರ್ಷವಾಯಿತು. ಶಾಲೆಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ. ಎರಡರಲ್ಲೂ ಮಾತು ಕಡಿಮೆ ಎಂದು ನನಗೆ ಹೆಸರಿತ್ತು. ನನಗೆ ಮಾತಾಡುವ ಅಗತ್ಯವೂ ಬೀಳುತ್ತಿರಲಿಲ್ಲ, ಏಕೆಂದರೆ ಆಯಿ ಎಲ್ಲರ ಪಾಲಿನದನ್ನೂ ಆಡುತ್ತಿದ್ದಳು. ಮುತ್ಯಾನ ಮೇಲೆ ಸಿಟ್ಟು ಬಂದಾಗ ಮಾತ್ರ ಅವನಿಗೆ ನೇರವಾಗಿ ಏನೂ ಹೇಳುತ್ತಿರಲಿಲ್ಲ. ಎಮ್ಮೆಯ ಮುಂದೆ ಹೋಗಿ ನಿಂತು ಅದಕ್ಕೆ ಹೇಳುತ್ತಿದ್ದಳು. ಮುತ್ಯಾ ಪಡಸಾಲೆಯಲ್ಲಿ ಕೂತು ಎಮ್ಮೆಗೇ ಉತ್ತರ ಕೊಡುತ್ತಿದ್ದ. ಹಾಗೆ ಅವರು ನಲವತ್ತು ವರ್ಷ ಜಗಳವಾಡಿದರು. ಒಂದು ಎಮ್ಮೆ ಸತ್ತರೆ ಮುಂದಿನದು ಆ ಕೆಲಸ ಕಲಿಯುತ್ತಿತ್ತು.

ಸುಗ್ಗಿ ಮುಗಿದು, ತೆನೆ ಮುರಿದ ಜೋಳದ ದಂಟು ಒಣಗಿ ಕಣಿಕೆಯಾದ ಮೇಲೆ ಬಣವೆ ಒಟ್ಟುವ ದಿನ ಬರುತ್ತಿತ್ತು. ಮುಂದಿನ ಸುಗ್ಗಿಯ ತನಕ ನಾಲ್ಕು ದನಗಳ ಹೊಟ್ಟೆ ಆ ಒಂದು ಬಣವೆಯ ಮೇಲೆ. ಒಟ್ಟುವವನು ಮಾಳಪ್ಪ, ಕುರಿ ಸಾಕುವ ಮನೆತನದವನು, ಬೀರಪ್ಪನ ಭಕ್ತ. ಕೆಳಗಿನಿಂದ ಸೂಡು ಎಸೆಯುವವಳು ಅವನ ಹೆಂಡತಿ ಕಲ್ಲವ್ವ. ಒಟ್ಟುವವನು ನೆತ್ತಿ ಕಟ್ಟುವ ತನಕ ಕೆಳಗೆ ಇಳಿಯಬಾರದು ಎಂಬುದು ನಮ್ಮಲ್ಲಿಯ ಕಟ್ಟಳೆ. ಅದಕ್ಕೇ ಮಧ್ಯಾಹ್ನ ಆಯಿ ಬುಟ್ಟಿಯಲ್ಲಿ ಬಿಸಿ ರೊಟ್ಟಿ, ಜುಣಕ, ಶೇಂಗಾ ಹಿಂಡಿ, ಪುಟ್ಟ ಗಡಿಗೆಯ ತುಂಬ ಮೊಸರು, ಒಂದು ಬಟ್ಟಲು ಗೋಧಿ ಹುಗ್ಗಿ ಇಟ್ಟು ಹಗ್ಗಕ್ಕೆ ಕಟ್ಟುತ್ತಿದ್ದಳು, ಮಾಳಪ್ಪ ಮೇಲೆ ಸೇದಿಕೊಳ್ಳುತ್ತಿದ್ದ. ಅವನು ಉಂಡು ಕೈ ತೊಳೆದ ನೀರು ಬಣವೆಯ ಆಚೆ ಬಿದ್ದದ್ದನ್ನು ನೋಡಿದ ಮೇಲೆಯೇ ಮುತ್ಯಾನಿಗೆ ಊಟದ ಗಂಗಾಳ. ಕಲ್ಲವ್ವ ಗೋಡೆಯ ನೆರಳಿನಲ್ಲಿ ಕೂತು ತಾನು ಕಟ್ಟಿಕೊಂಡು ಬಂದ ರೊಟ್ಟಿಗೆ ಆಯಿ ಕೊಟ್ಟ ಪಲ್ಯ ಹಚ್ಚಿಕೊಂಡು ಉಣ್ಣುತ್ತಿದ್ದಳು. ಅದನ್ನು ಪ್ರತಿ ವರ್ಷ ನೋಡಿದ್ದೇನೆ. ಅದರಲ್ಲಿ ನೋಡುವಂಥದ್ದು ಏನಾದರೂ ಇದೆ ಎಂದು ಆಗ ಅನ್ನಿಸಿರಲಿಲ್ಲ. ಸಂಜೆ ಮಾಳಪ್ಪ ಇಳಿದಾಗ ಮುತ್ಯಾ ಅಕ್ಕಲಕೋಟೆಯ ಬಜಾರದಿಂದ ತಂದಿಟ್ಟ, ತಲೆಗೆ ಸುತ್ತುವ ಹೊಸ ರುಮಾಲನ್ನು ನನ್ನ ಕೈಗೆ ಕೊಡುತ್ತಿದ್ದ. ನಾನು ಅದನ್ನು ಮಾಳಪ್ಪನಿಗೆ ಕೊಡುತ್ತಿದ್ದೆ. ಕೂಲಿ ಮಾತ್ರ ಸೂಡು ಹೊತ್ತು ತಂದವರಿಗೆ ಎಷ್ಟೋ ಅವನಿಗೂ ಅಷ್ಟೇ. ಕಲ್ಲವ್ವನಿಗೆ ಹೆಣ್ಣಾಳಿನದು, ಅದರ ಅರ್ಧ.

ನನಗೆ ಹನ್ನೊಂದು ತುಂಬಿದ ವರ್ಷ ಮಾಳಪ್ಪ ನಾಲ್ಕು ದಿನ ಮೊದಲೇ ಬಂದು ಪಡಸಾಲೆಯ ಮೆಟ್ಟಿಲ ಮೇಲೆ ಕೂತ.

“ಗೌಡ್ರ, ಈ ಸಲ ಪಗಾರದ್ದು ಮೊದಲ ಮಾತಾಡೂಣ್ರಿ.”

“ಪಗಾರದ್ದೇನೋ ಮಾತಾಡೂದು? ಊರಾಗ ಏನ ನಡದದ, ಅದೇ.”

“ಊರಾಗ ನಡದದ್ದು ಸೂಡ ಹೊರಾಂವಂದ್ರಿ. ಬಣವಿ ಒಟ್ಟಾಂವಂದಲ್ಲ. ನನಗ ಎರಡಾಳಿಂದು ಕೊಡ್ರಿ.”

“ಲೇ ಮಾಳ್ಯಾ, ನಿನ್ನ ನಾವು ಆಳಿನಂಗ ನೋಡೀವೇನೋ? ನಿಂದು ಊಟ ಆಗೂತನಾ ಈ ಮನ್ಯಾಗ ಯಾರೂ ಗಂಗಾಳಕ್ಕ ಕೈ ಹಚ್ಚಂಗಿಲ್ಲ. ವರ್ಸಾ ಹೊಸಾ ರುಮಾಲ ಕೊಡ್ತೀನಿ.”

“ರುಮಾಲ ಮನ್ಯಾಗ ಹನ್ನೊಂದು ಅದಾವ್ರಿ ಗೌಡ್ರ. ತಲಿ ಒಂದೇ ಅದ.”

ಅಡುಗೆಮನೆಯಲ್ಲಿ ಆಯಿ ಕಿಸಕ್ಕನೆ ನಕ್ಕಳು. ಆ ನಗು ಕೇಳದಿದ್ದರೆ ಮುತ್ಯಾ ಒಪ್ಪುತ್ತಿದ್ದನೋ ಏನೋ. ಅವನು ಜಿಪುಣನಲ್ಲ, ಮನೆಗೆ ಬಂದವರಿಗೆ ಉಣ್ಣಿಸದೆ ಕಳಿಸಿದವನಲ್ಲ, ಮಾಳಪ್ಪನ ಮಗಳ ಮದುವೆಗೆ ಎರಡು ಚೀಲ ಜೋಳ ತಾನಾಗಿ ಹಾಕಿಸಿ ಬಂದವನು. ತಾನಾಗಿ ಕೊಡುವುದು ಅವನಿಗೆ ಗೊತ್ತಿತ್ತು. ಎದುರಿನವನು ಇಷ್ಟು ಎಂದು ಹೇಳಿ ಕೇಳುವುದು ಗೊತ್ತಿರಲಿಲ್ಲ. ಮುಖ ಬಿಗಿದುಕೊಂಡು, ಹಾಗಾದರೆ ಬೇರೆಯವರನ್ನು ನೋಡುತ್ತೇನೆ ಎಂದ. ಮಾಳಪ್ಪ ಎದ್ದು, ಆಗಲಿ ಎಂದು ಕೈ ಮುಗಿದು ಹೋದ. ಎಂಟು ದಿನದೊಳಗೆ ಗಂಡಹೆಂಡತಿ ಇಬ್ಬರೂ ಸೊಲ್ಲಾಪುರದ ಉಳ್ಳಾಗಡ್ಡಿ ಯಾರ್ಡಿಗೆ ಕೆಲಸಕ್ಕೆ ಹೋದರೆಂದು ಸುದ್ದಿ ಬಂತು.

ಮುತ್ಯಾ ಬೇರೆಯವರನ್ನು ನೋಡಿದ. ಭಂಡಾರಕವಠೆಯಲ್ಲಿ ಒಬ್ಬನಿದ್ದ, ಅವನಿಗೆ ಸೊಂಟ ಹಿಡಿದಿತ್ತು. ಇನ್ನೊಬ್ಬ ಸೊಲ್ಲಾಪುರದಲ್ಲಿ ವಾಚ್‌ಮನ್ ಆಗಿದ್ದ. ಕುರ್ಚಿಯ ಮೇಲೆ ಕೂತರೆ ತಿಂಗಳ ಪಗಾರ ಬರುವಾಗ ಬಣವೆ ಏಕೆ ಹತ್ತಲಿ ಎಂದನಂತೆ. ಮೂರನೆಯವನು ತೀರಿಹೋಗಿದ್ದ. ನಿನಗೆ ಅಪ್ಪ ಕಲಿಸಲಿಲ್ಲವೇ ಎಂದು ಕೇಳಿದರೆ ಅವನ ಮಗ, “ಕಲ್ತು ಏನ ಮಾಡ್ತೀಲೇ ಅಂದಾರ್ರಿ ನಮ್ಮಪ್ಪ,” ಎಂದ. ಕಡೆಗೆ ಪ್ರತಿ ವರ್ಷ ಸೂಡು ಹೊರುತ್ತಿದ್ದ ನಾಲ್ವರೇ ಒಟ್ಟಿದರು. ಊಟಕ್ಕೆ ಇಳಿದರು, ಚಹಾಕ್ಕೆ ಇಳಿದರು, ಸಂಜೆಗೆ ಮೊದಲೇ ಮುಗಿಸಿದರು. ನಾನು ಮಾಳಿಗೆಯ ಮೇಲೆ ಎಂದಿನ ಜಾಗದಲ್ಲಿದ್ದೆ. ಮಾಳಪ್ಪನ ಬಣವೆಯ ನಡು ಯಾವ ಹಂತದಲ್ಲಿ ನೋಡಿದರೂ ಅಂಚಿಗಿಂತ ಎತ್ತರ ಇರುತ್ತಿತ್ತು, ಆಮೆಯ ಬೆನ್ನಿನ ಹಾಗೆ; ಒಂದೊಂದು ಸೂಡೂ ಹೊರಕ್ಕೆ ಇಳಿಜಾರಾಗಿ ಮಲಗಿರುತ್ತಿತ್ತು. ಇವರದು ಅಂಚು ಎತ್ತರ, ನಡು ತಗ್ಗು. ನೀರು ಬಿದ್ದರೆ ಹೊರಗೆ ಹರಿಯುವ ಬದಲು ಒಳಗೇ ಇಳಿಯುತ್ತದೆ ಎಂಬುದು ನನಗೆ ಆಗಲೇ ಹೊಳೆಯಿತು. ಹೇಳಲಿಲ್ಲ. ಕೆಳಗೆ ಐದು ಜನ ಗಂಡಸರಿದ್ದರು. ಅವರಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿರಲಾರದು ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ಸುಲಭವೂ ಆಗಿತ್ತು.

ಬೇಸಿಗೆಯ ನಡುವೆ ಎರಡು ದಿನ ಅಕಾಲದ ಮಳೆ ಹೊಡೆಯಿತು. ವಾರದ ಮೇಲೆ ಹಿತ್ತಲಿನಲ್ಲಿ ಹುಳಿಹಿಡಿದ ಹಿಟ್ಟಿನ ವಾಸನೆ. ಮುತ್ಯಾ ಬಣವೆಯ ಬದಿಯಲ್ಲಿ ತೋಳು ತೂರಿಸಿದವನು ಕಾದ ತವೆ ಮುಟ್ಟಿದಂತೆ ಹೊರಗೆಳೆದುಕೊಂಡ. ಒಳಗಿಂದ ಬಂದ ಕಣಿಕೆ ಕಪ್ಪಾಗಿ, ಬಿಳಿ ಬೂಷ್ಟು ಹಿಡಿದಿತ್ತು. ಎತ್ತುಗಳು ಮೂಸಿ ಮುಖ ತಿರುಗಿಸಿದವು. ಆಯಿ ಎಮ್ಮೆಯ ಮುಂದೆ ಹೋಗಿ ನಿಂತಳು.

“ಕೇಳಿದ್ಯೇನ ಬೇ, ಈ ವರ್ಸಾ ನಿನಗ ಕಣಿಕಿ ಇಲ್ಲಂತ. ರುಮಾಲ ತಿನ್ನಸ್ತಾರಂತ.”

“ಮಂದಿ ಸಿಗವಲ್ರು ಅಂತ ಹೇಳು ಅದಕ್ಕ,” ಎಂದ ಮುತ್ಯಾ ಪಡಸಾಲೆಯಿಂದ.

“ಮಂದಿ ಸಿಗವಲ್ರಂತ ಬೇ. ಸೊಲ್ಲಾಪುರದಾವ್ರಿಗಿ ಹ್ಯಾಂಗ ಸಿಕ್ಕಾರೋ ಏನೋ.”

ಎಮ್ಮೆಗೆ ಆ ದಿನ ಉತ್ತರ ಬರಲಿಲ್ಲ.

ಮರುವಾರ ಮುತ್ಯಾ ನನ್ನನ್ನು ಕರೆದುಕೊಂಡು ಸೊಲ್ಲಾಪುರದ ಬಸ್ಸು ಹತ್ತಿದ. ಬೋರ್ಡು ಓದಲು ನಾನು ಬೇಕು ಎಂದ. ಕಾಲಿನ ನಡುವೆ ಚೀಲ. ಚೀಲದಲ್ಲಿ ಆಯಿ ಮಾಳಪ್ಪನಿಗೆಂದು ಕಟ್ಟಿದ ರೊಟ್ಟಿ, ಹಿಂಡಿ. ಅದರ ಕೆಳಗೆ ಮುತ್ಯಾ ತಾನೇ ಇಟ್ಟ ಹೊಸ ರುಮಾಲು. ಯಾರ್ಡಿನಲ್ಲಿ ಕಾಲಿಟ್ಟಲ್ಲೆಲ್ಲ ಉಳ್ಳಾಗಡ್ಡಿಯ ಸಿಪ್ಪೆ ಹಾರುತ್ತಿತ್ತು. ಬೋರ್ಡು ಓದುವ ಅಗತ್ಯ ಬೀಳಲಿಲ್ಲ. ದೂರದ ಒಂದು ಶೆಡ್ಡಿನಲ್ಲಿ, ತೊಲೆಗೆ ತಲೆ ತಾಗುವಷ್ಟು ಎತ್ತರದ ಚೀಲಗಳ ಸಾಲಿನ ಮೇಲೆ ಒಬ್ಬ ನಿಂತಿದ್ದ. ಕೆಳಗಿನಿಂದ ಕೊಟ್ಟ ಚೀಲವನ್ನು ಇಟ್ಟು ಎಡಗಾಲಿನ ಹಿಮ್ಮಡಿಯಿಂದ ಎರಡು ಸಲ ಒತ್ತಿದ. ನಾನು ಮುತ್ಯಾನ ಕೈ ಜಗ್ಗಿ ತೋರಿಸಿದೆ.

ಚಹಾದ ಗಾಡಿಯ ಹತ್ತಿರ ಮಾಳಪ್ಪ ರೊಟ್ಟಿಯ ಗಂಟು ಬಿಚ್ಚಿ ಹಿಂಡಿಯ ವಾಸನೆ ನೋಡಿ ಕಣ್ಣು ಮುಚ್ಚಿಕೊಂಡ. ಮುತ್ಯಾ ಚಹಾವನ್ನು ಬಶಿಗೆ ಹಾಕಿ ಆರಿಸುತ್ತ ಕೂತ. ಕಡೆಗೆ ಮಾಳಪ್ಪನೇ ಮಾತು ತೆಗೆದ.

“ಇಲ್ಲಿ ಚೀಲದ ಥಪ್ಪಿ ಹಚ್ಚಾಂವಂಗ ಬ್ಯಾರೆ ರೇಟ್ ಅದ್ರಿ ಗೌಡ್ರ. ಹೊರಾಂವಂಗ ಬ್ಯಾರೆ. ಅದನ್ನ ಕೇಳಬೇಕಾಗಂಗಿಲ್ಲ.”

“ಬಣವಿ ನಡು ಕೊಳತದೋ ಮಾಳ್ಯಾ.”

“ಕೇಳೀನ್ರಿ. ದನಾ ಏನ ಮಾಡ್ಯಾವ.”

“ಎರಡಾಳಿಂದು ಕೊಡ್ತೀನಿ. ಮಿರಗದ ಮಳಿಗಿಂತ ಮೊದಲ ಬಂದು ಒಟ್ಟಿ ಹೋಗು.”

“ನಂದಾತ್ರಿ. ನಮ್ಮಕಿದು?”

“ಆಕಿದೇನು?”

“ಅದನ್ನ ಆಕಿನ್ನೇ ಕೇಳ್ರಿ. ಆಕಿ ಮಾತು ನಾ ಆಡಿದ್ರ ಮನ್ಯಾಗ ನನಗ ರೊಟ್ಟಿ ಸಿಗಂಗಿಲ್ಲ.”

ಮುತ್ಯಾ ಇದನ್ನು ತಮಾಷೆ ಎಂದುಕೊಂಡು ನಕ್ಕ. ರುಮಾಲು ಚೀಲದಲ್ಲೇ ಉಳಿದು ನಮ್ಮ ಜೊತೆ ಮನೆಗೆ ಬಂತು.

ಮಿರಗಕ್ಕೆ, ಎಂದರೆ ಮೃಗಶಿರೆಯ ಮುಂಗಾರಿಗೆ, ಮೊದಲು ಹಳೆಯ ಬಣವೆ ಬಿಚ್ಚಿದಾಗ ಮೂರರಲ್ಲಿ ಒಂದು ಪಾಲು ತಿಪ್ಪೆಗೆ ಹೋಯಿತು. ಉಳಿದದ್ದನ್ನು ಹರವಿ ಒಣಗಿಸಿ ಮತ್ತೆ ಸೂಡು ಕಟ್ಟಿದರು. ಅಷ್ಟೂ ಉಳಿಯದಿದ್ದರೆ ಎತ್ತಿನ ಜೋಡಿಯನ್ನೇ ಮಾರಬೇಕಾಗುತ್ತದೆ ಎಂದು ಮುತ್ಯಾ ಯಾರಿಗೂ ಅಲ್ಲದಂತೆ ಹೇಳಿದ. ಮಾಳಪ್ಪ, ಕಲ್ಲವ್ವ ಬಂದ ದಿನ ಬೆಳಿಗ್ಗೆಯೇ ಪಡುವಣದಲ್ಲಿ ಮೋಡ ನಿಂತಿತ್ತು. ಮಾಳಪ್ಪ ಅಡಿಗೆ ಕಲ್ಲು ಹಾಸಿ ಮೊದಲ ಸುತ್ತು ತಾನೇ ಇಟ್ಟು ಮೇಲೆ ಹತ್ತಿದ. ಕಲ್ಲವ್ವ ಗೋಡೆಯ ಪಕ್ಕ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತಳು.

“ಗೌಡ್ರ, ಅಂವಂದು ಮಾತಾಗೇದಂತ. ನನಗ ಒಂದು ಗಂಡಾಳಿಂದು ಪೂರಾ ಕೊಡ್ರಿ.”

“ಹೆಣ್ಣಾಳಿಗಿ ಅಷ್ಟು ಯಾವ ಊರಾಗ ಕೊಡ್ತಾರ ಕಲ್ಲವ್ವಾ? ಒಗಿಯೂದಂದ್ರ ಒಗಿಯೂದು. ಅದರಾಗೇನದ?”

“ಏನಿಲ್ರಿ. ಮತ್ತ ಯಾರರ ಒಗೀಲಿ. ನಾ ಹಿಂಗ ಕುಂಡ್ರತೀನಿ.”

ಹೊರುವವರಲ್ಲಿ ಒಬ್ಬ ಎಸೆಯತೊಡಗಿದ. ಬುಡಕ್ಕೆ ಬೇರಿನ ಮಣ್ಣಿನ ಭಾರ. ಹೇಗೆ ಎಸೆದರೂ ಬುಡವೇ ಮೊದಲು ಮೇಲೆ ಬರುತ್ತಿತ್ತು. ಮಾಳಪ್ಪ ಒಂದೊಂದನ್ನೂ ಹಿಡಿದು ತಿರುಗಿಸಿ ಇಡಬೇಕು. ತಿರುಗಿಸಲು ತಾನು ನಡುವಿಗೆ ಸರಿಯಬೇಕು. ಸರಿದಾಗ ಇಟ್ಟದ್ದು ಕಾಲಡಿ ಕುಸಿಯುತ್ತಿತ್ತು. ಮುತ್ಯಾನಿಗೆ ತಡೆಯಲಿಲ್ಲ. ಧೋತರದ ಕಚ್ಚೆ ಬಿಗಿದು, ಅಂಗಿಯ ತೋಳೇರಿಸಿ, ತಾನೇ ಎಸೆಯಲು ನಿಂತ. ಮೊದಲನೆಯದು ಅರ್ಧ ದಾರಿಗೆ ಹೋಗಿ ಅವನ ಹೆಗಲ ಮೇಲೆಯೇ ಬಿತ್ತು. ಎರಡನೆಯದರ ಕಟ್ಟು ಬಿಚ್ಚಿ ಗಾಳಿಯಲ್ಲೇ ಚೆದುರಿತು. ಮೂರನೆಯದರ ಬುಡ ನೇರ ಮಾಳಪ್ಪನ ಎದೆಗೆ ಬಡಿದು ಬಾಯೊಳಗೆ ಮಣ್ಣು ಹೋಯಿತು.

“ಗೌಡ್ರ, ನನಗ್ಯಾಕ ಹೊಡೀತೀರಿ? ನಂದು ಮಾತು ಮುಗದದ, ತಕರಾರು ಆಕಿದದ!”

ಎಲ್ಲರೂ ನಕ್ಕರು. ಆಯಿ ಬಾಗಿಲಲ್ಲಿ ನಿಂತು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಮುತ್ಯಾನ ಮುಖ ಬಿಗಿಯುವುದು ನನಗೆ ಮೇಲಿನಿಂದ ಕಂಡಿತು. ಆ ಮುಖ ನಾನು ಒಮ್ಮೆ ನೋಡಿದ್ದೆ, ಅದು ಮುಂದೆ ಏನು ಹೇಳುತ್ತದೆ ಎಂಬುದೂ ಗೊತ್ತಿತ್ತು. ಹೀಗೇ ಒಟ್ಟಿರಿ, ಆದಷ್ಟು ಆಗಲಿ ಎನ್ನುತ್ತಾನೆ. ಬಣವೆ ಆಗ ಎದೆಯೆತ್ತರ ಇತ್ತು, ಅದರ ಮೇಲ್ಭಾಗ ಪೂರ್ತಿ ನನ್ನ ಕಣ್ಣ ಕೆಳಗಿತ್ತು. ನನ್ನ ದನಿ ನನಗೇ ಬೇರೆಯವರದೆನ್ನುವಂತೆ ಕೇಳಿಸಿತು.

“ಮುತ್ಯಾ, ನಡು ತಗ್ಗಾಗಾಕತ್ತದ.”

ಕೆಳಗಿದ್ದವರೆಲ್ಲ ಮಾಳಿಗೆಯತ್ತ ಕತ್ತೆತ್ತಿದರು.

“ಹೋದ ಸಲನೂ ಹಿಂಗ ಆಗಿತ್ತು. ನಾ ನೋಡಿದ್ದೆ. ಕಲ್ಲವ್ವ ಒಗದ್ರ ತುದಿ ಮಾಳಪ್ಪನ ಕೈಗಿ ಬರ್ತದ, ಅಂವಾ ತಿರುವಂಗಿಲ್ಲ. ಈಗ ತಿರುವಾಕ ಹೋಗಿ ನಡು ತುಳ್ಯಾಕತ್ತಾನ.”

“ಹೋದ ಸಲ ಯಾಕ ಹೇಳ್ಲಿಲ್ಲಬೇ ನೀ?” ಎಂದ ಮುತ್ಯಾ. ಬೈಗುಳದ ದನಿಯಲ್ಲ, ನಿಜವಾಗಿ ಕೇಳಿದ.

“ಮಾಸ್ತರಬಾಯಿ ಮಾತಾಡಿದ್ಳಲೇ ಯಪ್ಪಾ!” ಎಂದ ಮಾಳಪ್ಪ ಬಣವೆಯ ಮೇಲಿಂದ.

ಕಲ್ಲವ್ವ ನಗಲಿಲ್ಲ, ಏಳಲೂ ಇಲ್ಲ. ಮುತ್ಯಾನನ್ನೇ ನೋಡುತ್ತ ಕೂತಿದ್ದಳು. ಮುತ್ಯಾ ಹೆಗಲ ಮೇಲಿನ ಕಣಿಕೆಯ ಎಲೆಗಳನ್ನು ಒಂದೊಂದಾಗಿ ತೆಗೆದ. ಪಡುವಣದ ಮೋಡ ನೋಡಿದ. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು ಜಾಗ ಬಿಟ್ಟ.

“ಏಳವ್ವಾ ಕಲ್ಲವ್ವಾ. ಪೂರಾ ಆಳಿಂದೇ.”

ಆಮೇಲೆ ನಾನು ಮಾಳಪ್ಪನ ಹಿಮ್ಮಡಿ ಎಣಿಸಲಿಲ್ಲ, ಕಲ್ಲವ್ವನನ್ನು ನೋಡಿದೆ. ಇಷ್ಟು ವರ್ಷ ಅಲ್ಲೇ ಕೂತು ಅವಳನ್ನು ನೋಡದೆ ಇದ್ದದ್ದು ಹೇಗೆ ಎಂಬುದು ನನಗೆ ಈಗಲೂ ಆಶ್ಚರ್ಯ. ಸೂಡಿನ ಬುಡವನ್ನು ಬಲ ಅಂಗೈಯಲ್ಲಿ ಹಿಡಿದು, ಎಡಗೈಯಿಂದ ಕಟ್ಟಿನ ಕೆಳಗೆ ಒಂದು ಆಸರೆ ಕೊಟ್ಟು, ಮೊಣಕಾಲು ಸ್ವಲ್ಪ ಬಾಗಿಸಿ ಏಳುತ್ತ ಬಿಡುತ್ತಿದ್ದಳು. ತುದಿ ಮೊದಲಾಗಿ ಏರಿದ ಸೂಡು ಮಾಳಪ್ಪನ ಎದೆಯ ಮಟ್ಟದಲ್ಲಿ ಒಂದು ಕ್ಷಣ ನಿಂತಂತಾಗುತ್ತಿತ್ತು. ಅವನು ಹಿಡಿಯುವುದೂ ಬೇಕಿರಲಿಲ್ಲ, ಇಳಿಸಿಕೊಂಡರೆ ಸಾಕು. ಅವನು ಮೇಲೆ ಸುತ್ತಿದಂತೆ ಅವಳು ಕೆಳಗೆ ಸುತ್ತಿದಳು. ಮಧ್ಯಾಹ್ನ ಆಯಿ ಹಗ್ಗಕ್ಕೆ ಬುಟ್ಟಿ ಕಟ್ಟಿ ಮೇಲೆ ಕಳಿಸಿ, ಅದೇ ಹುಗ್ಗಿ, ಅದೇ ಮೊಸರು, ಅದೇ ಬಿಸಿ ರೊಟ್ಟಿ ಇನ್ನೊಂದು ಗಂಗಾಳದಲ್ಲಿ ಹಾಕಿ ಕಲ್ಲವ್ವನ ಮುಂದೆ ಇಟ್ಟಳು. ಆಯಿ ಏನೂ ಹೇಳದೆ ಮಾಡಿದ ಕೆಲಸ ನನ್ನ ನೆನಪಿನಲ್ಲಿ ಅದೊಂದೇ.

ಸಂಜೆ ನೆತ್ತಿ ಕಟ್ಟುವಾಗ ಪಕ್ಕದ ಹೊಲದವನು ಬದುವಿನ ಮೇಲೆ ನಿಂತು, “ಊರ ರೇಟ್ ಕೆಡಿಸಿದಿ ಗೌಡಾ,” ಎಂದು ಕೂಗಿದ. “ಬಣವಿ ಕೆಡೂದ್ಕಿಂತ ಪಾಡ ಅಲ್ಲೇನೋ?” ಎಂದ ಮುತ್ಯಾ. ಮಾಳಪ್ಪ ಇಳಿದ. ರುಮಾಲು ತರಬೇಡ ಎಂದು ಯಾರೂ ನನಗೆ ಹೇಳಿರಲಿಲ್ಲ, ಎಂದಿನಂತೆ ತಂದೆ. ತಂದ ಮೇಲೆ ಯಾರಿಗೆ ಕೊಡಬೇಕೆಂದು ತಿಳಿಯದೆ ಇಬ್ಬರ ನಡುವೆ ನಿಂತೆ.

“ಹನ್ನೆರಡನೇದೇನಬೇ?” ಎಂದ ಮಾಳಪ್ಪ.

ಕಲ್ಲವ್ವ ಕೈ ಚಾಚಿ ಅದನ್ನು ತೆಗೆದುಕೊಂಡಳು. ಮಡಿಕೆ ಬಿಚ್ಚಿ, ಹುರಿ ತಿರುಗಿಸಿ, ಸುತ್ತಿ ಸಿಂಬಿ ಮಾಡಿ ತಲೆಯ ಮೇಲಿಟ್ಟು, ಅದರ ಮೇಲೆ ತನ್ನ ಬುಟ್ಟಿ ಇಟ್ಟುಕೊಂಡಳು.

“ಇದು ನಂದು. ಸಿಂಬಿಗಿ ಚಲೋ ಅದ ಅರಿಬಿ,” ಎಂದು ಮುಂದೆ ನಡೆದಳು.

ಮಿರಗದ ಮಳೆ ಆ ವರ್ಷ ತಡವಾಗಿ ಬಂದರೂ ಜೋರಾಗಿ ಬಂತು, ಬಣವೆಯೊಳಗೆ ಒಂದು ಹನಿ ಇಳಿಯಲಿಲ್ಲ, ಎತ್ತುಗಳು ಮನೆಯಲ್ಲೇ ಉಳಿದವು. ಅದು ಆಮೇಲಿನದು. ಬಣವೆ ಒಟ್ಟಿದ ಮರುದಿನ ಬೆಳಿಗ್ಗೆ ನಾನು ಹಿತ್ತಲಿಗೆ ಹೋದೆ. ಗೋಡೆಯ ಬುಡದಲ್ಲಿ ಉಳಿದ ಕೆಲವು ಸೂಡುಗಳಿದ್ದವು. ಚಿಕ್ಕದೊಂದನ್ನು ಆರಿಸಿ, ಬುಡವನ್ನು ಬಲ ಅಂಗೈಯಲ್ಲಿ ಹಿಡಿದು, ಎಡಗೈ ಕಟ್ಟಿನ ಕೆಳಗಿಟ್ಟು, ಮೊಣಕಾಲು ಬಾಗಿಸಿ, ಬಣವೆಯತ್ತ ಎಸೆದೆ. ನನ್ನ ಕಾಲ ಮೇಲೆಯೇ ಬಿತ್ತು. ಮತ್ತೆ ಎಸೆದೆ. ಒಳಗಿನಿಂದ ಆಯಿ ಹಾಲು ಕುಡಿಯಲು ಎರಡು ಸಲ ಕರೆದಳು. ಇಪ್ಪತ್ತಾರನೆಯ ಸಲ ತುದಿ ಮೊದಲಾಗಿ ಹೋಗಿ ಬಣವೆಗೆ ತಾಗಿತು. ಇಪ್ಪತ್ತೇಳನೆಯ ಸಲ ಮತ್ತೆ ಬುಡ. ಹಿಂತಿರುಗಿ ನೋಡಿದರೆ ಮುತ್ಯಾ ಹಿತ್ತಲ ಬಾಗಿಲಿಗೆ ಒರಗಿ ನಿಂತಿದ್ದ, ಎಷ್ಟು ಹೊತ್ತಿನಿಂದಲೋ. ನಾನು ಸಡಿಲಾದ ಕಟ್ಟನ್ನು ಬಿಗಿದು ಸೂಡನ್ನು ಮತ್ತೆ ಎತ್ತಿದೆ.